ಕರ್ತೃ ಯಾರು? – ಹಳೆಯ ಲ್ಯಾಪ್‌ಟಾಪು, ಲಿನಕ್ಸು ಮತ್ತು ಬಾಯಿ ಬಿಡದ ವೈರ್‌ಲೆಸ್ ಕಾರ್ಡು

ವ್ಯಾಕರಣ ಕಲಿಸಿ ಮುದುಕನಾದವನಿಗೆ ಕೆಲವು ವಾಕ್ಯಗಳು ಅನ್ನದಲ್ಲಿ ಸಿಕ್ಕಿದ ಕಲ್ಲಿನಂತೆ. ಅಂಥದೊಂದು ವಾಕ್ಯ ಈಚೆಗೆ ಮೇಲಿಂದ ಮೇಲೆ ನನ್ನ ಕಿವಿಗೆ ಬೀಳುತ್ತಿದೆ: ‘ಲಿನಕ್ಸಿನಲ್ಲಿ ವೈಫೈ ಬರುವುದಿಲ್ಲ.’ ಹೀಗೆನ್ನುವವರು ಅಕ್ಷರಜ್ಞಾನವಿಲ್ಲದವರಲ್ಲ. ನನ್ನ ತರಗತಿಯಲ್ಲಿಯೇ ಸಂಧಿ ಸಮಾಸಗಳನ್ನು ಕಲಿತು, ಮುಂದೆ ಎಂಜಿನಿಯರುಗಳಾಗಿ ದೇಶವಿದೇಶಗಳಲ್ಲಿ ಹೆಸರು ಮಾಡಿದವರು. ಈ ವಾಕ್ಯದ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಆ ಹಳೆಯ ಲ್ಯಾಪ್‌ಟಾಪನ್ನು ಎಸೆದುಬಿಡಿ ಸಾರ್, ಹೊಸದೊಂದನ್ನು ಕಳಿಸುತ್ತೇನೆ.’ ಅವರ ಪ್ರೀತಿಗೆ ನಾನು ಋಣಿ. ಆದರೆ ಮೊದಲನೆಯ ವಾಕ್ಯ ಸುಳ್ಳು. ಎರಡನೆಯದು ಆ ಸುಳ್ಳಿನ ತಳಹದಿಯ ಮೇಲೆ ಕಟ್ಟಿದ ದುಂದುಗಾರಿಕೆ. ಇವೆರಡನ್ನೂ ಖಂಡಿಸುವುದೇ ಈ ಬರಹದ ಉದ್ದೇಶ.

ಕಿಟಕಿಯ ಗಾಜನ್ನು ಚೆಂಡಿನಿಂದ ಒಡೆದ ಹುಡುಗ ಮೇಷ್ಟರ ಮುಂದೆ ಬಂದು ನಿಂತು ಏನೆನ್ನುತ್ತಾನೆ? ‘ನಾನು ಗಾಜನ್ನು ಒಡೆದೆ’ ಎನ್ನುವುದಿಲ್ಲ. ‘ಗಾಜು ಒಡೆದುಹೋಯಿತು ಸಾರ್’ ಎನ್ನುತ್ತಾನೆ. ಗಾಜೇ ಕರ್ತೃ! ಸಕರ್ಮಕವಾಗಬೇಕಾದ ಕ್ರಿಯೆಯನ್ನು ಅಕರ್ಮಕವಾಗಿಸಿ, ಮಾಡಿದವನು ವಾಕ್ಯದಿಂದ ಮೆಲ್ಲನೆ ಜಾರಿಕೊಳ್ಳುತ್ತಾನೆ. ‘ಲಿನಕ್ಸಿನಲ್ಲಿ ವೈಫೈ ಬರುವುದಿಲ್ಲ’ ಎಂಬುದೂ ಇದೇ ಜಾತಿಯ ವಾಕ್ಯ. ಬಾರದಂತೆ ಮಾಡಿದವರು ಯಾರು? ಕರ್ತೃವನ್ನು ಹುಡುಕಿ ವಾಕ್ಯವನ್ನು ತಿದ್ದಿದರೆ ಅದು ಹೀಗಾಗುತ್ತದೆ: ‘ಈ ಕಾರ್ಡನ್ನು ತಯಾರಿಸಿದವರು ಅದರೊಡನೆ ಮಾತನಾಡುವ ಬಗೆಯನ್ನು ಯಾರಿಗೂ ತಿಳಿಸಲಿಲ್ಲ.’ ಇದು ಬೇರೆಯೇ ವಾಕ್ಯ, ಬೇರೆಯೇ ಆರೋಪ, ಆರೋಪಿಯೂ ಬೇರೆ.

ವಿಷಯದ ಪರಿಚಯವಿಲ್ಲದ ನನ್ನ ಬಂಧುಗಳಿಗಾಗಿ ನಾಲ್ಕು ಮಾತು. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಹಲಗೆ ಇರುತ್ತದೆ. ಅದೇ ವೈರ್‌ಲೆಸ್ ಕಾರ್ಡು. ಅದು ಕೆಲಸ ಮಾಡಬೇಕಾದರೆ ಮೂರು ಕೂಡಿಬರಬೇಕು. ಮೊದಲನೆಯದು ಹಲಗೆಯ ಮೇಲಿನ ಚಿಪ್ಪು. ಎರಡನೆಯದು, ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ ಆ ಚಿಪ್ಪಿಗೆ ಆಜ್ಞೆ ಕೊಡಲು ಬೇಕಾದ ಡ್ರೈವರ್ ಎಂಬ ತಂತ್ರಾಂಶ. ಇದನ್ನು ದುಭಾಷಿ ಎನ್ನಬಹುದು. ಮೂರನೆಯದು, ಚಿಪ್ಪಿನೊಳಗೇ ಓಡುವ ಫರ್ಮ್‌ವೇರ್ ಎಂಬ ಪುಟ್ಟ ತಂತ್ರಾಂಶ. ಅನೇಕ ಕಾರ್ಡುಗಳಲ್ಲಿ ಈ ಫರ್ಮ್‌ವೇರ್ ಶಾಶ್ವತವಾಗಿ ಕುಳಿತಿರುವುದಿಲ್ಲ. ಯಂತ್ರವನ್ನು ಚಾಲೂ ಮಾಡಿದಾಗಲೆಲ್ಲ ಡಿಸ್ಕಿನಿಂದ ಒಂದು ಕಡತವನ್ನು ತೆಗೆದು ಚಿಪ್ಪಿಗೆ ಉಣಿಸಬೇಕು. ಆ ಕಡತ ಇಲ್ಲವಾದರೆ ಕಾರ್ಡು ಜೀವವಿದ್ದೂ ಮೂಕ.

ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸನ್ನು ಹಾಕಿ ವೈಫೈ ಕಾಣದೆ ಕುಳಿತವನು ಮಾಡಬೇಕಾದ ಪರೀಕ್ಷೆ ಬಹಳ ಸರಳ. ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆ ಕಾರ್ಡಿನ ಕುಲಗೋತ್ರಗಳನ್ನು ಹೇಳುತ್ತದೆ. ಪ್ರತಿಯೊಬ್ಬ ತಯಾರಕನಿಗೂ ಒಂದು ಸಂಖ್ಯೆ ಉಂಟು. ಇಂಟೆಲ್ಲಿನದು 8086, ಬ್ರಾಡ್‌ಕಾಮಿನದು 14ಇ4, ಅಥೆರೋಸಿನದು 168ಸಿ. ‘ಆರ್‌ಎಫ್‌ಕಿಲ್’ ಎಂಬ ಆಜ್ಞೆ, ರೇಡಿಯೋವನ್ನು ಯಾರಾದರೂ ಆರಿಸಿದ್ದಾರೆಯೇ ಎಂದು ಹೇಳುತ್ತದೆ. ಲ್ಯಾಪ್‌ಟಾಪಿನ ಅಂಚಿನಲ್ಲಿರುವ ಸಣ್ಣ ಗುಂಡಿಯೊಂದು ಜರುಗಿದ್ದರೂ ಸಾಕು, ಇಲ್ಲಿ ಬೆಳಕಿಗೆ ಬರುತ್ತದೆ. ‘ಡಿಮೆಸೇಜ್’ ಎಂಬ ಆಜ್ಞೆ ಯಂತ್ರದ ದಿನಚರಿಯನ್ನು ಬಿಚ್ಚಿಡುತ್ತದೆ. ಇಂತಿಂಥ ಫರ್ಮ್‌ವೇರ್ ಕಡತ ಸಿಗಲಿಲ್ಲ ಎಂಬ ದೂರು ಹೆಸರು ಸಹಿತ ಅಲ್ಲಿ ದಾಖಲಾಗಿರುತ್ತದೆ. ಗಮನಿಸಿ: ಲಿನಕ್ಸು ಕಾರ್ಡನ್ನು ಗುರುತಿಸಿದೆ, ಡ್ರೈವರನ್ನು ಹೊಂದಿಸಿದೆ, ಕೊರತೆ ಯಾವುದೆಂದು ಬಾಯಿಬಿಟ್ಟು ಹೇಳಿದೆ. ಇಷ್ಟರ ಮೇಲೂ ನಾವು ಬೈಯುವುದು ಲಿನಕ್ಸನ್ನೇ!

ಆ ಕಡತವನ್ನು ಎಲ್ಲಿಂದ ತರಬೇಕು? ಅಂತರ್ಜಾಲದಿಂದ. ಅಂತರ್ಜಾಲಕ್ಕೆ ಹೋಗಲು ಏನು ಬೇಕು? ವೈಫೈ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆ ನೆನಪಾಗುತ್ತದೆ. ಬಲ್ಲವರಿಗೆ ದಾರಿಗಳಿವೆ: ತಂತಿಯ ಮೂಲಕ ರೂಟರಿಗೆ ಜೋಡಿಸಬಹುದು, ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಸಂಪರ್ಕವನ್ನೇ ಎರವಲು ಪಡೆಯಬಹುದು. ಆದರೆ ಈ ಒಗಟಿಗೆ ನಿಸರ್ಗ ನಿಯಮವೇನೂ ಕಾರಣವಲ್ಲ. ಆ ಕಡತವನ್ನು ಲಿನಕ್ಸಿನ ಜೊತೆಯಲ್ಲಿಯೇ ಹಂಚಲು ತಯಾರಕರು ಅನುಮತಿ ಕೊಟ್ಟಿದ್ದರೆ ಒಗಟೇ ಇರುತ್ತಿರಲಿಲ್ಲ.

ಸಾರ್ವಜನಿಕವಾಗಿ ದಾಖಲಾಗಿರುವ ಒಂದು ಉದಾಹರಣೆಯನ್ನು ನೋಡೋಣ. ಈ ಶತಮಾನದ ಮೊದಲ ದಶಕದ ಅಸಂಖ್ಯ ಲ್ಯಾಪ್‌ಟಾಪುಗಳಲ್ಲಿ ಬ್ರಾಡ್‌ಕಾಮ್ ಸಂಸ್ಥೆಯ 43 ಎಂದು ಆರಂಭವಾಗುವ ಸಂಖ್ಯೆಯ ಚಿಪ್ಪುಗಳಿದ್ದವು. ಅವುಗಳ ವಿವರವನ್ನು ಸಂಸ್ಥೆ ಲಿನಕ್ಸ್ ಸಮುದಾಯಕ್ಕೆ ಕೊಡಲಿಲ್ಲ. ಆಗ ಜನ ಏನು ಮಾಡಿದರು? ಕೆಲವರು ‘ಎನ್‌ಡಿಐಎಸ್‌ರಾಪರ್’ ಎಂಬ ಉಪಾಯದಿಂದ ವಿಂಡೋಸಿಗಾಗಿ ಬರೆದ ಡ್ರೈವರನ್ನೇ ಲಿನಕ್ಸಿನೊಳಗೆ ಕೂರಿಸಿದರು. ಪರರ ವೇಷ ಹಾಕಿ ಪಾತ್ರ ಮಾಡಿದಂತೆ. ಇನ್ನು ಕೆಲವರು ನಿಜವಾದ ತಪಸ್ಸಿಗೇ ಕುಳಿತರು. ಮುಚ್ಚಿದ ಡ್ರೈವರನ್ನು ಬಿಡಿಸಿ ಓದಿ ಚಿಪ್ಪು ಹೇಗೆ ವರ್ತಿಸುತ್ತದೆಂದು ಒಂದು ತಂಡ ಬರೆದಿಟ್ಟಿತು. ಆ ಡ್ರೈವರನ್ನು ಕಣ್ಣೆತ್ತಿಯೂ ನೋಡದ ಇನ್ನೊಂದು ತಂಡ ಬರಿಯ ಆ ಬರಹವನ್ನೇ ಆಧರಿಸಿ ಹೊಸ ಡ್ರೈವರನ್ನು ರಚಿಸಿತು. ಕದ್ದರೆಂಬ ಅಪವಾದ ಬಾರದಿರಲೆಂದು ಇಷ್ಟು ಮಡಿ! ಆ ಶ್ರಮದ ಫಲ 2006ರ ಜೂನ್ ತಿಂಗಳಲ್ಲಿ ಲಿನಕ್ಸಿನ 2.6.17ನೆಯ ಆವೃತ್ತಿಯನ್ನು ಸೇರಿತು. ಅದರ ಉತ್ತರಾಧಿಕಾರಿಯಾದ ‘ಬಿ43’ 2008ರ ಜನವರಿಯಲ್ಲಿ 2.6.24ನೆಯ ಆವೃತ್ತಿಯೊಡನೆ ಬಂದಿತು.

ಇದರಲ್ಲಿ ಒಂದು ವಿಡಂಬನೆ ಅಡಗಿದೆ. ಅದೇ ಸಂಸ್ಥೆಯ ಚಿಪ್ಪುಗಳನ್ನು ಹೊತ್ತು ಮನೆಮನೆಗೂ ಹೋದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರು ಓಡುತ್ತಿದ್ದದ್ದೇ ಲಿನಕ್ಸಿನ ಮೇಲೆ! ಲಿನಕ್ಸಿನ ಪರವಾನಗಿಯ ಕಟ್ಟಳೆಯಂತೆ ಅದರ ಆಕರವನ್ನು 2003ರಲ್ಲಿ ಬಹಿರಂಗಪಡಿಸಬೇಕಾಯಿತು, ಅದರಿಂದಲೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಪ್ರಸಿದ್ಧ ಯೋಜನೆ ಹುಟ್ಟಿತು. ಆದರೆ ವೈರ್‌ಲೆಸ್ ಭಾಗದ ಡ್ರೈವರು ಮಾತ್ರ ಮುಚ್ಚಿದ ಪೆಟ್ಟಿಗೆಯಾಗಿಯೇ ಉಳಿಯಿತು. ಅಂದರೆ ಲಿನಕ್ಸಿಗೆ ಡ್ರೈವರ್ ಬರೆಯುವುದು ಅಸಾಧ್ಯವೂ ಆಗಿರಲಿಲ್ಲ, ಹೊಸದಾಗಿ ಬರೆಯಬೇಕಾಗಿಯೂ ಇರಲಿಲ್ಲ. ಬಾಗಿಲಿತ್ತು, ಬೀಗದ ಕೈಯೂ ಇತ್ತು, ಕೊಡುವ ಮನಸ್ಸಿರಲಿಲ್ಲ.

ತಯಾರಕರ ಪರವಾಗಿ ಹೇಳಲಾಗುವ ವಾದಗಳನ್ನು ನಾನು ಬಲ್ಲೆ. ಪೂರ್ವಪಕ್ಷವನ್ನು ಹೇಳದೆ ಸಿದ್ಧಾಂತವನ್ನು ಹೇಳುವುದು ನಮ್ಮ ಪರಂಪರೆಯಲ್ಲ; ಆದ್ದರಿಂದ ಒಂದೊಂದಾಗಿ ನೋಡೋಣ.

ಮೊದಲ ವಾದ ಕಾನೂನಿನದು. ರೇಡಿಯೋ ತರಂಗ ಎಲ್ಲರ ಸೊತ್ತು. ಯಾವ ದೇಶದಲ್ಲಿ ಯಾವ ಚಾನೆಲಿನಲ್ಲಿ ಎಷ್ಟು ಶಕ್ತಿಯಿಂದ ಪ್ರಸಾರ ಮಾಡಬಹುದೆಂಬುದಕ್ಕೆ ನಿಯಮಗಳಿವೆ. ನಮ್ಮ ದೇಶದಲ್ಲಿಯೂ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿದಾಗ ಶಕ್ತಿಯ ಮಿತಿಯನ್ನು ವಿಧಿಸಿಯೇ ಮುಕ್ತಗೊಳಿಸಿದರು. ಡ್ರೈವರ್ ತೆರೆದರೆ ಯಾರು ಬೇಕಾದರೂ ಮಿತಿಯನ್ನು ಮೀರಬಹುದಲ್ಲ ಎಂಬುದು ಈ ವಾದ. ಇದಕ್ಕೆ ಉತ್ತರವನ್ನು ನಾನು ಕೊಡಬೇಕಿಲ್ಲ, ಇನ್ನೊಂದು ಚಿಪ್ ಸಂಸ್ಥೆಯೇ ಕೊಟ್ಟಿದೆ. ಅಥೆರೋಸ್ 2008ರಲ್ಲಿ ತನ್ನ ಹೊಸ ಚಿಪ್ಪುಗಳಿಗೆ ‘ಎಟಿಎಚ್9ಕೆ’ ಎಂಬ ಡ್ರೈವರನ್ನು ಆಕರ ಸಹಿತ ಬಿಡುಗಡೆ ಮಾಡಿತು. ಅದೇ ವರ್ಷ ಲಿನಕ್ಸಿನೊಳಗೆ ದೇಶದೇಶಗಳ ನಿಯಮಗಳನ್ನು ಪಾಲಿಸುವ ವ್ಯವಸ್ಥೆಯೊಂದು ಸೇರ್ಪಡೆಯಾಯಿತು. ಪ್ರತಿ ದೇಶದ ಮಿತಿಗಳ ಪಟ್ಟಿಯನ್ನು ಎಲ್ಲರ ಕಣ್ಣೆದುರಿಗೇ ಇಟ್ಟು ತಿದ್ದುತ್ತಾರೆ. ಅಂದಿನಿಂದ ಆಕಾಶವೇನೂ ಕಳಚಿ ಬಿದ್ದಿಲ್ಲ. ಕಾನೂನು ಒಂದೇ, ಒಬ್ಬರು ಅದನ್ನು ಪಾಲಿಸುತ್ತಲೇ ತೆರೆದರು, ಇನ್ನೊಬ್ಬರು ಅದನ್ನೇ ನೆಪಮಾಡಿ ಮುಚ್ಚಿದರು.

ಎರಡನೆಯ ವಾದ ವ್ಯಾಪಾರದ ಗುಟ್ಟಿನದು. ಹೊಸ ಚಿಪ್ಪಿನ ಗುಟ್ಟನ್ನು ಎದುರಾಳಿಗೆ ಬಿಟ್ಟುಕೊಡುವುದಿಲ್ಲವೆಂದರೆ ಒಪ್ಪೋಣ. ಆದರೆ ಮಾರಾಟ ನಿಂತು ಹದಿನೈದು ವರ್ಷ ಕಳೆದ ಚಿಪ್ಪಿನ ಗುಟ್ಟನ್ನು ಯಾವ ಎದುರಾಳಿ ಕದಿಯುತ್ತಾನೆ? ಮೇಲಾಗಿ, ಗುಟ್ಟನ್ನು ಕಾಪಾಡಿಕೊಂಡೂ ಉಪಕರಿಸುವ ದಾರಿ ಇದೆ. ಇಂಟೆಲ್ ಸಂಸ್ಥೆಯ ವೈರ್‌ಲೆಸ್ ಫರ್ಮ್‌ವೇರಿನ ಆಕರ ಇಂದಿಗೂ ಮುಚ್ಚಿದ್ದೇ. ಆದರೆ ಆ ಕಡತವನ್ನು ಯಾರು ಬೇಕಾದರೂ ಯಥಾವತ್ತಾಗಿ ಹಂಚಬಹುದೆಂದು ಅನುಮತಿಯಿದೆ. ಆದ್ದರಿಂದ ಆ ಕಾರ್ಡುಗಳಿರುವ ಹಳೆಯ ಲ್ಯಾಪ್‌ಟಾಪುಗಳು ಲಿನಕ್ಸ್ ಹಾಕಿದೊಡನೆ ಮನೆಯ ವೈಫೈಯನ್ನು ಕಂಡುಹಿಡಿಯುತ್ತವೆ. ಬಿ43ರ ಕಾರ್ಡುಗಳಿಗೆ ಈ ಸಣ್ಣ ಅನುಮತಿಯೂ ಇಲ್ಲ. ಹೀಗಾಗಿ ‘ಫರ್ಮ್‌ವೇರ್ ಕಟರ್’ ಎಂಬ ಉಪಕರಣವನ್ನು ಬರೆದು, ಪ್ರತಿಯೊಬ್ಬ ಮಾಲೀಕನೂ ಹಳೆಯ ಡ್ರೈವರನ್ನು ತಾನೇ ಇಳಿಸಿಕೊಂಡು ಅದರ ಹೊಟ್ಟೆ ಸೀಳಿ ಫರ್ಮ್‌ವೇರನ್ನು ಹೊರತೆಗೆಯಬೇಕಾದ ಪರಿಸ್ಥಿತಿ. ಕೊಟ್ಟರೆ ಕಾಸೂ ಖರ್ಚಾಗದ ವಸ್ತುವನ್ನು ಕೊಡದಿರುವುದಕ್ಕೆ ಗುಟ್ಟು ಎನ್ನಲಾಗದು, ಉಪೇಕ್ಷೆ ಎನ್ನಬೇಕು.

ಮೂರನೆಯದು ಸುರಕ್ಷತೆಯ ವಾದ: ಮುಚ್ಚಿದ್ದರೆ ಕ್ಷೇಮ. 2017ರಲ್ಲಿ ‘ಬ್ರಾಡ್‌ಪ್ವನ್’ ಎಂಬ ದೋಷ ಬಯಲಾಯಿತು. ಕೋಟ್ಯಂತರ ಫೋನುಗಳಲ್ಲಿದ್ದ ವೈಫೈ ಚಿಪ್ಪಿನ ಮುಚ್ಚಿದ ಫರ್ಮ್‌ವೇರಿನಲ್ಲಿಯೇ ಬಿರುಕಿತ್ತು. ಹತ್ತಿರದಲ್ಲಿ ನಿಂತ ದುರುಳನೊಬ್ಬ ಗಾಳಿಯ ಮೂಲಕವೇ ಒಳನುಗ್ಗಬಹುದಾಗಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಕ್ರ್ಯಾಕ್’ ಎಂಬ ಹೆಸರಿನಲ್ಲಿ ವೈಫೈಯ ಬೀಗದ ಕ್ರಮದಲ್ಲಿಯೇ ದೋಷವಿದೆಯೆಂದು ತಿಳಿದಾಗ, ಲಿನಕ್ಸಿನ ಆಕರ ತೆರೆದಿದ್ದ ಭಾಗಗಳಿಗೆ ಕೂಡಲೇ ತೇಪೆ ಬಂತು. ತಯಾರಕರು ಕೈಬಿಟ್ಟ ಉಪಕರಣಗಳಿಗೆ ತೇಪೆ ಹಾಕುವವರೇ ಇರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಹಾವು ಸೇರಿಕೊಂಡರೆ ಮನೆಯವನಿಗೆ ಕಾಣದು. ಹಾವಿಗೆ ಮಾತ್ರ ದಾರಿ ಗೊತ್ತು.

ನ್ಯಾಯಕ್ಕಾಗಿ ಒಂದು ಮಾತು ಸೇರಿಸಬೇಕು. 2010ರ ಸೆಪ್ಟೆಂಬರಿನಲ್ಲಿ ಬ್ರಾಡ್‌ಕಾಮ್ ತನ್ನ ಆಗಿನ ಹೊಸ ಚಿಪ್ಪುಗಳಿಗೆ ತೆರೆದ ಡ್ರೈವರೊಂದನ್ನು ಬಿಡುಗಡೆ ಮಾಡಿತು. ಅದು ಸ್ವಾಗತಾರ್ಹ. ಆದರೆ ಅದಕ್ಕೂ ಹಿಂದಿನ ಚಿಪ್ಪುಗಳು ಅದರಲ್ಲಿ ಸೇರಲಿಲ್ಲ. ಸಂಸ್ಥೆ ಪ್ರತ್ಯೇಕವಾಗಿ ಕೊಟ್ಟಿದ್ದ ‘ಡಬ್ಲ್ಯುಎಲ್’ ಎಂಬ ಅರೆಮುಚ್ಚಿದ ಡ್ರೈವರು 2015ರ ಆವೃತ್ತಿಯಲ್ಲಿಯೇ ನಿಂತುಬಿಟ್ಟಿದೆ. ಲಿನಕ್ಸು ಮುಂದೆ ನಡೆದಂತೆಲ್ಲ ಅದು ಮುರಿಯುತ್ತದೆ, ಸ್ವಯಂಸೇವಕರು ಹೊಲಿಗೆ ಹಾಕುತ್ತಾರೆ, ಮತ್ತೆ ಮುರಿಯುತ್ತದೆ. ಇತ್ತ ಇಟಲಿಯ ಬ್ರೆಶಾ ವಿಶ್ವವಿದ್ಯಾಲಯದವರು ಈ ಹಳೆಯ ಚಿಪ್ಪುಗಳಲ್ಲಿ ಕೆಲವಕ್ಕೆ ಫರ್ಮ್‌ವೇರನ್ನೇ ಹೊಸದಾಗಿ ಬರೆದು ಲೋಕಕ್ಕೆ ಕೊಟ್ಟರು. ಹೆತ್ತವರು ಬಿಟ್ಟ ಕೂಸನ್ನು ಊರವರು ಸಾಕಿದಂತೆ.

ಇಷ್ಟು ಹೇಳಿದ ಮೇಲೆ ನಮ್ಮ ಪಾಳೆಯದ ಮಡಿವಂತರನ್ನೂ ಬಿಡುವಂತಿಲ್ಲ. ಸ್ವತಂತ್ರ ತಂತ್ರಾಂಶದ ಅಭಿಮಾನಿಗಳಲ್ಲಿ ಕೆಲವರು, ವೈಫೈ ಬಾರದೆ ಕಂಗಾಲಾದವನಿಗೆ ‘ನೀನು ಕೊಂಡ ಕಾರ್ಡೇ ಸರಿಯಿಲ್ಲ’ ಎಂದು ಬುದ್ಧಿ ಹೇಳಿ ಕೈತೊಳೆದುಕೊಳ್ಳುತ್ತಾರೆ. ಬಾಯಾರಿ ಬಂದವನಿಗೆ ನೀರು ಕೊಡುವ ಮುನ್ನ ಗೋತ್ರ ಕೇಳುವ ಪದ್ಧತಿ ಇದು. ಡೆಬಿಯನ್ ಸಮುದಾಯ ಬಹುಕಾಲ ಮುಚ್ಚಿದ ಫರ್ಮ್‌ವೇರನ್ನು ತನ್ನ ಅಧಿಕೃತ ಅನುಸ್ಥಾಪನಾ ಪ್ರತಿಯಿಂದ ಹೊರಗಿಟ್ಟಿತ್ತು. 2022ರಲ್ಲಿ ಸದಸ್ಯರು ಮತ ಹಾಕಿ ಆ ಕ್ರಮವನ್ನು ಬದಲಿಸಿದರು, 2023ರ ಜೂನ್ ತಿಂಗಳಲ್ಲಿ ಬಂದ 12ನೆಯ ಆವೃತ್ತಿಯಿಂದ ಹಂಚಲು ಅನುಮತಿಯಿರುವ ಫರ್ಮ್‌ವೇರೆಲ್ಲ ಒಳಗೇ ಇದೆ. ಅದು ವಿವೇಕದ ತೀರ್ಮಾನ. ತತ್ತ್ವವನ್ನು ಬಿಡದೆಯೂ ಮನುಷ್ಯನ ಕಷ್ಟವನ್ನು ನೋಡಿದ ತೀರ್ಮಾನ. ಆದರೆ ಹಂಚಲು ಅನುಮತಿಯೇ ಇಲ್ಲದ ಕಡತವನ್ನು ಡೆಬಿಯನ್ ಕೂಡ ಒಳಗಿಡಲಾರದು. ಸಮುದಾಯ ತನ್ನ ಬಾಗಿಲನ್ನು ತೆರೆದರೂ ಹೊರಗೆ ಉಳಿದವರು ಯಾರಿಂದ ಉಳಿದರು ಎಂಬುದು ಈಗ ಸ್ಪಷ್ಟವಾಯಿತಷ್ಟೆ.

ಕನ್ನಡಿಗರಾದ ನಮಗೆ ಈ ಪಾಠ ಹೊಸದಾಗಬಾರದು. ಒಂದು ಕಾಲದಲ್ಲಿ ಒಂದೊಂದು ಕನ್ನಡ ತಂತ್ರಾಂಶಕ್ಕೂ ಒಂದೊಂದು ಗುಪ್ತ ಸಂಕೇತವಿತ್ತು. ಒಂದರಲ್ಲಿ ಬರೆದ ಲೇಖನ ಇನ್ನೊಂದರಲ್ಲಿ ತೆರೆದರೆ ಜೇಡರ ಬಲೆ. ಎಷ್ಟು ಸ್ಮರಣ ಸಂಚಿಕೆಗಳು, ಎಷ್ಟು ಶಾಲಾ ದಾಖಲೆಗಳು ಹೀಗೆ ಕೈಗೆ ಸಿಕ್ಕಿಯೂ ಕಣ್ಣಿಗೆ ಸಿಗದಂತಾದವು! 1991ರ ಮೊದಲ ಆವೃತ್ತಿಯಲ್ಲಿಯೇ ಯುನಿಕೋಡಿನೊಳಗೆ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು; ಅದು ಬಳಕೆಗೆ ಬಂದ ಮೇಲೆ ನಮ್ಮ ಅಕ್ಷರಗಳಿಗೆ ಬಿಡುಗಡೆಯಾಯಿತು. ಕಾರಣ ಇಷ್ಟೇ: ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿ ಎಲ್ಲರೆದುರು ತೆರೆದಿತ್ತು. ಅಕ್ಷರದ ವಿಷಯದಲ್ಲಿ ಒಪ್ಪಿದ ನ್ಯಾಯವನ್ನು ಯಂತ್ರದ ವಿಷಯದಲ್ಲಿ ಏಕೆ ಕೇಳಬಾರದು?

ಇಷ್ಟಕ್ಕೂ ಇದು ಒಬ್ಬ ನಿವೃತ್ತನ ಹಟ ಮಾತ್ರವೆಂದು ತಿಳಿಯಬೇಡಿ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅದರ ಮುಂದಿನ ಆವೃತ್ತಿ ಕೇಳುವ ಟಿಪಿಎಂ 2.0 ಮೊದಲಾದ ಅರ್ಹತೆಗಳು ಹಳೆಯ ಯಂತ್ರಗಳಿಗಿಲ್ಲ. ಪರದೆ ಬೆಳಗುತ್ತಿರುವ, ಕೀಲಿಗಳು ಒತ್ತುತ್ತಿರುವ, ಲೆಕ್ಕ ತಪ್ಪದ ಯಂತ್ರಗಳು ಹೀಗೆ ಗುಜರಿಯ ದಾರಿ ಹಿಡಿಯುತ್ತಿವೆ. ಅವುಗಳಿಗೆ ಉಳಿದ ಬಹುದೊಡ್ಡ ಆಶ್ರಯ ಲಿನಕ್ಸು. ನಮ್ಮ ಹಳ್ಳಿಯ ಶಾಲೆಗಳಿಗೆ ದಾನವಾಗಿ ಬರುವುದು ಇಂಥ ಯಂತ್ರಗಳೇ. ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಮುಂದೆ ಸರ್ಕಾರಿ ಶಾಲೆಗಳನ್ನೆಲ್ಲ ಸ್ವತಂತ್ರ ತಂತ್ರಾಂಶದ ದಾರಿಗೆ ತಂದಿತು. ಅಲ್ಲಿ ಮಕ್ಕಳೂ ಮೇಷ್ಟರೂ ಲಿನಕ್ಸನ್ನೇ ಬಳಸಿ ಕಲಿತರು. ಬಡಶಾಲೆಯ ಒಂದು ಕೋಣೆಯಲ್ಲಿ ಹತ್ತು ಹಳೆಯ ಲ್ಯಾಪ್‌ಟಾಪುಗಳು ಎದ್ದು ಕೂರುವುದೋ ಕಸವಾಗುವುದೋ ಎಂಬುದು ಕೆಲವೊಮ್ಮೆ ಕೆಲವೇ ಕಿಲೋಬೈಟುಗಳ ಒಂದು ಫರ್ಮ್‌ವೇರ್ ಕಡತದ ಮೇಲೆ ನಿಂತಿರುತ್ತದೆ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ತಯಾರಕರ ಮೇಲೆ ಮರುಬಳಕೆಯ ಹೊಣೆಯನ್ನು ಹೊರಿಸಿವೆ, ಸಂತೋಷ. ಆದರೆ ಕಸವನ್ನು ಸರಿಯಾಗಿ ವಿಲೇವಾರಿ ಮಾಡುವುದಕ್ಕಿಂತ ಕಸವಾಗದಂತೆ ನೋಡಿಕೊಳ್ಳುವುದು ಮೊದಲಲ್ಲವೇ?

ಕಾರ್ಡನ್ನೇ ಬದಲಿಸಿದರಾಯಿತಲ್ಲ ಎನ್ನುವಿರಿ. ಎರಡು ತಿರುಪು ಬಿಚ್ಚಿ ಬೇರೆ ಕಾರ್ಡು ಕೂರಿಸುವುದು ಸುಲಭವೇ. ಆದರೆ ಕೆಲವು ತಯಾರಕರು ಯಂತ್ರದ ಬಯಾಸಿನಲ್ಲಿ ತಾವು ಒಪ್ಪಿದ ಕಾರ್ಡುಗಳ ಪಟ್ಟಿಯನ್ನು ಅಡಗಿಸಿಟ್ಟಿದ್ದರು. ಪಟ್ಟಿಯಲ್ಲಿಲ್ಲದ ಕಾರ್ಡು ಕಂಡರೆ ಲ್ಯಾಪ್‌ಟಾಪು ಏಳುವುದೇ ಇಲ್ಲ. ಹಣ ಕೊಟ್ಟು ಕೊಂಡ ಮನೆಗೆ ಯಾವ ಅತಿಥಿ ಬರಬೇಕೆಂದು ಕಟ್ಟಿದ ಮೇಸ್ತ್ರಿ ನಿರ್ಧರಿಸಿದಂತೆ! ಯುಎಸ್‌ಬಿಗೆ ಚುಚ್ಚುವ ಪುಟ್ಟ ಕಾರ್ಡು ಈ ಅಡ್ಡಿಯನ್ನು ದಾಟಿಸುತ್ತದೆ, ನಿಜ. ಅಥೆರೋಸಿನ ಎಆರ್9271 ಎಂಬ ಚಿಪ್ಪಿರುವ ಯುಎಸ್‌ಬಿ ಕಾರ್ಡಿಗೆ 2013ರಲ್ಲಿ ಫರ್ಮ್‌ವೇರಿನ ಆಕರವೂ ಬಿಡುಗಡೆಯಾಯಿತು. ಆದರೆ ಅಡ್ಡದಾರಿ ಇದೆಯೆಂಬುದು ಹೆದ್ದಾರಿಗೆ ಬೇಲಿ ಹಾಕಿದವನಿಗೆ ಸಮರ್ಥನೆಯಾಗದು.

ಈಗ ನನ್ನ ವಿದ್ಯಾರ್ಥಿಗಳಿಗೆ ನೇರವಾಗಿ ಎರಡು ಮಾತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ಜಗತ್ತಿನ ಚಿಪ್ ವಿನ್ಯಾಸದ ಬಹುಪಾಲು ಹೆಸರುಗಳು ಅಲ್ಲಿ ಕಚೇರಿ ತೆರೆದಿವೆ. ನಿಮ್ಮಲ್ಲಿ ಹಲವರು ಅಂಥ ಕಚೇರಿಗಳಲ್ಲಿ ಕುಳಿತು ಡ್ರೈವರುಗಳನ್ನೂ ಫರ್ಮ್‌ವೇರುಗಳನ್ನೂ ಬರೆಯುತ್ತಿದ್ದೀರಿ. ಅಂದರೆ ನಾನು ಹುಡುಕುತ್ತಿರುವ ಕರ್ತೃ ದೂರದ ಸಮುದ್ರದಾಚೆಯವನು ಮಾತ್ರವಲ್ಲ. ನನ್ನ ಮುಂದಿನ ಬೆಂಚಿನಲ್ಲಿ ಕುಳಿತಿದ್ದವನೂ ಆಗಿರಬಹುದು. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್, ಕಾಗದ ಸಿಕ್ಕಿಕೊಳ್ಳುತ್ತಿದ್ದ ಒಂದು ಪ್ರಿಂಟರಿನ ಆಕರವನ್ನು ಕೇಳಿದಾಗ, ಅದು ಇದ್ದವರು ‘ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ’ ಎಂಬ ಅರ್ಥದ ಉತ್ತರವಿತ್ತರು. ಆ ನಿರಾಕರಣೆ ಅವರ ಮನಸ್ಸಿನಲ್ಲಿ ನೆಟ್ಟು, 1983ರಲ್ಲಿ ಗ್ನೂ ಯೋಜನೆಗೆ ಬೀಜಗಳಲ್ಲೊಂದಾಯಿತು. ಮುಚ್ಚಳಿಕೆಗೆ ಸಹಿ ಹಾಕುವುದು ನಿಮ್ಮ ಉದ್ಯೋಗದ ಅನಿವಾರ್ಯವೆಂಬುದು ನನಗೆ ಗೊತ್ತು. ಕೆಲಸ ಬಿಡಿರೆಂದು ಹೇಳುವಷ್ಟು ಅವಿವೇಕಿ ನಾನಲ್ಲ. ಆದರೆ ಕೇಳುವುದಕ್ಕೆ ಯಾವ ಮುಚ್ಚಳಿಕೆಯೂ ಅಡ್ಡಿಯಲ್ಲ. ಮಾರಾಟ ನಿಲ್ಲಿಸುವ ಸಭೆಯಲ್ಲಿ ಎದ್ದು ನಿಂತು, ‘ಈ ಚಿಪ್ಪಿನ ಫರ್ಮ್‌ವೇರನ್ನು ಹಂಚಲು ಅನುಮತಿ ಕೊಟ್ಟು ಹೋಗೋಣವೇ?’ ಎಂದು ಒಬ್ಬರಾದರೂ ಕೇಳಿ. ಒಂದು ಪುಟದ ಅನುಮತಿ ಪತ್ರದಿಂದ ಸಾವಿರಾರು ಯಂತ್ರಗಳ ಆಯುಷ್ಯ ಹೆಚ್ಚುತ್ತದೆ.

ಉಳಿದವರಿಗೂ ಕೆಲಸವಿದೆ. ಯಂತ್ರ ಕೊಳ್ಳುವಾಗ ಪರದೆಯ ಅಳತೆ, ಸ್ಮರಣೆಯ ಗಾತ್ರ ಕೇಳುವಂತೆ ವೈರ್‌ಲೆಸ್ ಚಿಪ್ಪು ಯಾರದೆಂದೂ ಕೇಳಿ. ಶಾಲೆಗಳಿಗೆ ಕಂಪ್ಯೂಟರು ತರಿಸುವ ಸ್ಥಾನದಲ್ಲಿರುವವರು, ಯಾವುದೇ ಮುಕ್ತ ಕಾರ್ಯಾಚರಣ ವ್ಯವಸ್ಥೆಯಲ್ಲಿಯೂ ಎಲ್ಲ ಭಾಗಗಳು ಕೆಲಸ ಮಾಡಬೇಕೆಂಬ ಒಂದು ಷರತ್ತನ್ನು ಟೆಂಡರಿನಲ್ಲಿ ಬರೆಯಿರಿ. ಹಳೆಯದನ್ನು ಎಸೆಯುವ ಮುನ್ನ ಒಂದು ಸಂಜೆ ಅದರೊಡನೆ ಕುಳಿತು, ಮೇಲೆ ಹೇಳಿದ ಮೂರು ಆಜ್ಞೆಗಳನ್ನು ಕೊಟ್ಟು, ಅದು ಏನು ಹೇಳುತ್ತಿದೆಯೆಂದು ಓದಿ. ಬಹುತೇಕ ಯಂತ್ರಗಳು ಆ ಒಂದು ಸಂಜೆಯಲ್ಲಿಯೇ ಎದ್ದು ಕೂರುತ್ತವೆ.

ಎಲ್ಲಕ್ಕಿಂತ ಮುಖ್ಯವಾಗಿ, ವಾಕ್ಯವನ್ನು ತಿದ್ದಿಕೊಳ್ಳಿ. ಕರ್ತೃವನ್ನು ಮರೆಸುವ ವಾಕ್ಯ ಹೊಣೆಯನ್ನೂ ಮರೆಸುತ್ತದೆ. ಹೊಣೆ ಯಾರದೆಂದು ಹೇಳಲು ಕಲಿಯದ ಸಮಾಜ, ತಾನು ಹಣ ಕೊಟ್ಟು ಕೊಂಡ ವಸ್ತುವಿನ ಮುಂದೆಯೂ ಕೈಕಟ್ಟಿ ನಿಂತು, ಒಡೆದುಹೋದ ಗಾಜನ್ನೇ ಬೈಯುತ್ತಿರುತ್ತದೆ.